ಐದು ಗಂಟೆಯೊಳಗೆ ಒಂದು ಹೆಸರು

"ಅವನ ಕೈ ಮುರೀಬೇಕು ಮೇಡಂ! ಮುರಿದು ಅವನ ಇನ್ನೊಂದು ಕೈಗೇ ಕೊಡಬೇಕು!"

ಯಜಮಾನರು ಊಟದ ಮೇಜಿಗೆ ಗುದ್ದಿದ ರಭಸಕ್ಕೆ ನನ್ನ ಕಾಫಿ ಹಾರಿ ತೊಡೆಯ ಮೇಲೆ ಚೆಲ್ಲಿತು. ಬೆಳಿಗ್ಗೆ ಬೆಳಿಗ್ಗೆಯೇ ನನಗೆ ಪಿತ್ತ ನೆತ್ತಿಗೇರಲು ಇಷ್ಟು ಸಾಕು.

"ಕೈ ಮುರಿಯೋದು ಆಮೇಲೆ ಇರಲಿ. ಮೊದಲು ಆ ಕೈ ಯಾರದು ಅಂತ ಗೊತ್ತಾಗಬೇಕಲ್ಲ!" ಎಂದೆ.

ಅವರು ನಗುತ್ತ ತಲೆಯಾಡಿಸಿದರು. ಈಗತಾನೆ ಕೈ ಮುರಿಯುವ ಮಾತಾಡಿದ ಮುಖಕ್ಕೆ ಆ ನಗು ಒಂದಿಷ್ಟೂ ಹೊಂದಲಿಲ್ಲ.

"ಅದು ಕೇಳಿಸದೇ ಇರೋ ತಲೆಯಾಟ," ಎಂದರು ಅವರ ಹೆಂಡತಿ, ನನ್ನ ಕೈಗೆ ಒರೆಸುವ ಬಟ್ಟೆ ಕೊಡುತ್ತ. "ಕೇಳಿಸಿದ್ರೆ ಜಗಳಕ್ಕೆ ಬರ್ತಾರೆ. ಕೇಳಿಸದಿದ್ರೆ ಹಿಂಗೆ ನಗ್ತಾ ತಲೆ ಆಡಿಸ್ತಾರೆ. ತಟ್ಟಿ ಮಾತಾಡಿ ಮೇಡಂ."

ಅವರೇ ಮೇಜನ್ನು ಎರಡು ಸಲ ತಟ್ಟಿದರು. ಟಕ್ ಟಕ್. ಯಜಮಾನರು ತಟ್ಟನೆ ತಿರುಗಿ ಹೆಂಡತಿಯ ತುಟಿ ನೋಡಿದರು. ನನ್ನ ಮಾತನ್ನು ಆಕೆ ನಿಧಾನವಾಗಿ ಮತ್ತೆ ಹೇಳಿದರು.

"ಯಾರದು ಅಂತ ಏನು ಕೇಳ್ತೀರಿ? ಅವನ ಕನ್ಸಲ್ಟೆನ್ಸಿ ಮಗಳು ಬಿಟ್ಟಳು ಅಂತ ಹಲ್ಲು ಕಡೀತಿರೋ ಆ ವಿಮಾನ ಸರ್‌ದು!" ಮತ್ತೊಂದು ಗುದ್ದು. ಈ ಸಲ ಲೋಟವನ್ನು ನಾನು ಮೊದಲೇ ಎತ್ತಿಕೊಂಡಿದ್ದೆ.

ಆ ಮನೆಯ ರೀತಿಯೇ ಹಾಗೆ. ಯಜಮಾನರು ಮುದ್ರಣಾಲಯದ ಯಂತ್ರಗಳ ನಡುವೆ ಆಯಸ್ಸು ಸವೆಸಿ ಕಿವಿ ಕಳೆದುಕೊಂಡವರು. ಕಿವಿಗೆ ಮಿಷಿನ್ ಹಾಕಿದ್ದರೂ ಕೇಳಿಸುವುದು ಅಷ್ಟಕ್ಕಷ್ಟೆ. ಅವರ ಜೊತೆ ಮಾತಾಡಬೇಕಾದರೆ ಮೇಜೋ ಗೋಡೆಯೋ ಕುರ್ಚಿಯ ಕೈಯೋ, ಸಿಕ್ಕಿದ್ದನ್ನು ಎರಡು ಸಲ ತಟ್ಟಬೇಕು. ಆ ಅದುರಿಗೆ ಅವರು ತಿರುಗುತ್ತಾರೆ, ತುಟಿ ನೋಡುತ್ತಾರೆ, ಆಮೇಲೆ ಮಾತು. ತುಟಿ ಓದುವುದನ್ನು ಕನ್ನಡಿಯ ಮುಂದೆ ಕೂರಿಸಿಕೊಂಡು ಕಲಿಸಿದವಳು ಅವರ ಮಗಳೇ.

ಆ ಮಗಳ ಸೀಟನ್ನೇ ಯಾರೋ ಕಸಿದಿದ್ದರು.

ಬೀದಿಯವರ ಬಾಯಲ್ಲಿ ಅವಳು 'ಕಿವಿ ಡಾಕ್ಟ್ರು'. ನಿಜಕ್ಕೆ ಡಾಕ್ಟರಲ್ಲ, ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡಿ ಕಿವಿಗೆ ಮಿಷಿನ್ ಹಾಕುವ ಆಡಿಯಾಲಜಿಸ್ಟ್. ಅದೇ ವಿಷಯದಲ್ಲಿ ಮಾಸ್ಟರ್ಸ್ ಓದಲು ವಿದೇಶದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಕಳೆದ ಭಾನುವಾರ ಯಾರೋ ಅವಳ ಅರ್ಜಿಯ ಖಾತೆಯೊಳಗೆ ನುಗ್ಗಿ, ಫೋನ್ ನಂಬರ್ ಬದಲಾಯಿಸಿ, 'ನನಗೆ ಈ ಸೀಟು ಬೇಡ' ಎಂದು ಒತ್ತಿಬಿಟ್ಟಿದ್ದರು. ವಿಶ್ವವಿದ್ಯಾಲಯದವರು ಖಾತ್ರಿಗಾಗಿ ಅವತ್ತೇ ಆ ಹೊಸ ನಂಬರಿಗೆ ಫೋನ್ ಮಾಡಿದರೆ ಒಬ್ಬ ಹೆಂಗಸು, 'ಹೌದು, ನಾನೇ, ಬೇಡ' ಎಂದಿದ್ದಳು. ಆ ನಂಬರ್ ಈಗ ಬಂದ್.

ವಿಶ್ವವಿದ್ಯಾಲಯದವರ ಮಾತು ಖಡಾಖಂಡಿತ. ಯಾರೋ ಮಾಡಿದರು ಎಂದರೆ ಆಗುವುದಿಲ್ಲ. ಮನಸ್ಸು ಬದಲಾದವರೆಲ್ಲ ಹಾಗೇ ಹೇಳುತ್ತಾರೆ. ಯಾರು ಮಾಡಿದರು ಎಂದು ಹೆಸರು ಹಿಡಿದು ಪೊಲೀಸರಿಗೆ ದೂರು ಕೊಡಬೇಕು. ಆ ದೂರಿನ ಪ್ರತಿ ಇವತ್ತು ಸಂಜೆ ಐದರೊಳಗೆ ತಲುಪಬೇಕು. ಇಲ್ಲದಿದ್ದರೆ ಸೀಟು ಸಾಲಿನಲ್ಲಿ ನಿಂತ ಮುಂದಿನವರಿಗೆ.

ಹಾಗಾಗಿ ಯಜಮಾನರು ನಿನ್ನೆ ನನ್ನ ಪತ್ತೇದಾರಿ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದರು. "ನನ್ನ ಮಗಳಿಗೆ ಅನ್ಯಾಯ ಆಗಿದೆ" ಎಂದು ಅತ್ತುಬಿಟ್ಟಿದ್ದರು. ಗಂಡಸರ ಕಣ್ಣೀರಿಗೆ ನಾನು ಸುಲಭವಾಗಿ ಕರಗುವವಳಲ್ಲ. ನಿನ್ನೆ ಕರಗಿದೆ.

"ಭಾನುವಾರ ಮನೇಲಿ ಯಾರ್ಯಾರಿದ್ರು?" ಎಂದು ಕೇಳಿದೆ, ಮೇಜು ತಟ್ಟಿ.

"ನಾನು ಸ್ಕೂಲ್ ಮಕ್ಕಳ ಕಿವಿ ಪರೀಕ್ಷೆ ಕ್ಯಾಂಪಿನಲ್ಲಿದ್ದೆ," ಎಂದಳು ಮಗಳು. ರಾತ್ರಿಯೆಲ್ಲ ಅತ್ತ ಕಣ್ಣು, ಬಿಗಿದ ದವಡೆ. "ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ರು. ಅಣ್ಣ ಹಡಗಿನಲ್ಲಿ, ಅವನು ಬರೋದು ಇನ್ನು ಯಾವಾಗಲೋ. ಅಪ್ಪ ಒಬ್ಬರೇ."

"ನಾನು ಡ್ಯೂಟಿಗೆ ಹೋಗಿದ್ದೆ," ಎಂದಳು ಅತ್ತಿಗೆ, ಆ ಅಣ್ಣನ ಹೆಂಡತಿ. ಆಸ್ಪತ್ರೆಯೊಂದರ ರಿಸೆಪ್ಷನ್‌ನಲ್ಲಿ ಕೆಲಸ ಅವಳಿಗೆ. ಎದೆಗೆ ಹೆಸರಿನ ಬಿಲ್ಲೆ ಚುಚ್ಚಿಕೊಳ್ಳುತ್ತ ನಿಂತಿದ್ದಳು. ಪಿನ್ನು ಮೂರು ಸಲ ಬೆರಳಿಗೆ ಚುಚ್ಚಿತು. "ಮಧ್ಯಾಹ್ನದ ಶಿಫ್ಟು. ಅವಳು ಹೋಗಲೇಬೇಕು ಮೇಡಂ. ಏನಾದ್ರೂ ಮಾಡಿ."

ಹೇಳುವಾಗ ನನ್ನ ಮುಖ ನೋಡಲಿಲ್ಲ. ಆಸ್ಪತ್ರೆಯ ವ್ಯಾನು ಬಂತೆಂದು ಚೀಲ ಎತ್ತಿಕೊಂಡು ಹೊರಟುಹೋದಳು.

ಯಜಮಾನರ ಹೆಂಡತಿ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದರು. ಮುಚ್ಚಿದ ಕಿಟಕಿಯ ಗಾಜಿನಾಚೆ ಅವರ ಬಾಯಿ ಗೊಣಗುತ್ತಿದ್ದುದು ಕಂಡಿತು. ನನಗೇನೂ ಕೇಳಿಸಲಿಲ್ಲ.

"ನನ್ನ ಕಿವಿ ನನ್ನ ಹತ್ರಾನೇ ಇದೆ! ಎಲ್ಲಿಗೂ ಹಾರಿಹೋಗ್ತಿಲ್ಲ. ನೀನು ನಿನ್ನ ಬಾಯಿ ನೋಡ್ಕೋ!" ಎಂದು ಯಜಮಾನರು ಕೂತಲ್ಲಿಂದಲೇ ಕೂಗಿದರು.

ಮಗಳು ಆ ಸಿಟ್ಟಿನಲ್ಲೂ ನಕ್ಕುಬಿಟ್ಟಳು. "'ಇವರ ಕಿವಿ ವಿದೇಶಕ್ಕೆ ಹೊರಟಿದೆ, ಅದಕ್ಕೇ ಈ ಆರ್ಭಟ' ಅಂತ ಅಮ್ಮ ಅಂದ್ರು. ಅಪ್ಪನ ಎದುರು ಗುಟ್ಟು ಮಾತಾಡೋಕಾಗಲ್ಲ ಮೇಡಂ."

ನಾನೂ ನಕ್ಕೆ. ಅಲ್ಲೇ ಅದನ್ನು ತಲೆಯಲ್ಲಿಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ.

ಏಕೆಂದರೆ ಅಷ್ಟರಲ್ಲಿ ಫ್ರಿಜ್ಜಿನ ಮೇಲಿದ್ದ ನೀಲಿ ಪ್ಲಾಸ್ಟಿಕ್ ಫೋಲ್ಡರು ನನ್ನ ಕಣ್ಣಿಗೆ ಬಿದ್ದಿತ್ತು. ಮೇಲೆ ನಗುವ ವಿಮಾನದ ಚಿತ್ರ. ಅದರ ಕೆಳಗೆ ಅಂಟಿಸಿದ ಚೀಟಿಯಲ್ಲಿ, ಯಾರು ಬೇಕಾದರೂ ಓದಬಹುದಾದ ಅಚ್ಚಿನಲ್ಲಿ, ಅವಳ ಖಾತೆಯ ಪಾಸ್‌ವರ್ಡು.

* * *

'ವಿಮಾನ ಸರ್' ಎಂದು ವಿದ್ಯಾರ್ಥಿಗಳು ಕರೆಯುವ ಆ ಮನುಷ್ಯನ, ಮಕ್ಕಳನ್ನು ಓದಲು ವಿದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಯಲ್ಲಿ ಗೋಡೆಯೆಂಬುದು ಕಾಣುತ್ತಲೇ ಇರಲಿಲ್ಲ. ಎಲ್ಲೆಲ್ಲೂ ಫೋಟೋ. ಪ್ರತಿ ಫೋಟೋದಲ್ಲೂ ಒಬ್ಬ ಹುಡುಗನೋ ಹುಡುಗಿಯೋ ಆಟಿಕೆ ವಿಮಾನ ಹಿಡಿದುಕೊಂಡು ಹಲ್ಲು ಬಿಟ್ಟು ನಿಂತಿದ್ದರು. ಪಕ್ಕದ ಸಾಲುಗೂಡುಗಳಲ್ಲಿ ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಸಂದರ್ಶನದ ತಾಲೀಮು ಮಾಡುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಉತ್ತರ: ಬಾಲ್ಯದಿಂದಲೂ ನನಗೆ ಈ ವಿಷಯದಲ್ಲಿ ಅಪಾರ ಆಸಕ್ತಿ. ಗಿಣಿಗಳ ಪಂಜರಕ್ಕೆ ಬಂದಂತಾಯಿತು.

ನೀಲಿ ಫೋಲ್ಡರನ್ನು ಅವನ ಮೇಜಿನ ಮೇಲೆ ಎಸೆದೆ.

"ಇದೇನ್ರೀ?"

"ನಮ್ಮ ಫೋಲ್ಡರ್ ಮೇಡಂ. ಕೂತ್ಕೊಳ್ಳಿ. ಕಾಫಿ ತರಿಸ್ಲಾ?"

"ಬೆಳಿಗ್ಗೆ ಕುಡಿದ ಕಾಫಿ ಇನ್ನೂ ಬಟ್ಟೆ ಮೇಲಿದೆ. ಫೋಲ್ಡರ್ ಅಂತ ನಂಗೂ ಗೊತ್ತು, ಅದರ ಮೇಲೆ ಅಂಟಿಸಿರೋದೇನು?"

"ಪಾಸ್‌ವರ್ಡು. ಮಕ್ಕಳು ಮರೆತುಬಿಡ್ತಾರೆ, ಅನುಕೂಲ ಆಗಲಿ ಅಂತ…"

ಅವನ ಹಿಂದಿನ ಕಪಾಟಿನಿಂದ ಇನ್ನೊಂದು ಫೋಲ್ಡರು ಎಳೆದೆ. ಅದೇ ಪಾಸ್‌ವರ್ಡು. ಮತ್ತೊಂದು ಎಳೆದೆ. ಅದರಲ್ಲೂ ಅದೇ.

"ಎಲ್ಲರಿಗೂ ಒಂದೇನಾ?" ನನ್ನ ಧ್ವನಿಗೆ ಗೂಡಿನ ಗಿಣಿಗಳೆಲ್ಲ ಬಾಯಿ ಮುಚ್ಚಿದವು.

"ಎಲ್ಲರ ಅರ್ಜೀನೂ ನಮ್ಮ ಸ್ಟಾಫೇ ತುಂಬೋದು ಮೇಡಂ. ಬೇರೆ ಬೇರೆ ಇಟ್ರೆ ಕೆಲಸ ಸಾಗಲ್ಲ. ಆಮೇಲೆ ಬದಲಾಯಿಸ್ಕೊಳ್ಳಿ ಅಂತ ಹೇಳ್ತೀವಿ."

"ಯಾವಾಗ ಹೇಳ್ತೀರಿ?"

"ಹೇಳ್ತೀವಿ," ಎಂದ, ಟೈ ಸರಿಮಾಡಿಕೊಳ್ಳುತ್ತ.

ನನ್ನ ಮೈಯೆಲ್ಲ ಉರಿಯಿತು. ಬೀದಿಯ ಮನೆಗಳಿಗೆಲ್ಲ ಒಂದೇ ಬೀಗ ಹಾಕಿ, ಕೀಲಿಯನ್ನು ಬಾಗಿಲಿಗೇ ನೇತುಹಾಕಿ ಹೋದ ಕೆಲಸ ಇದು. ಮಕ್ಕಳು ವರ್ಷಗಟ್ಟಲೆ ನಿದ್ದೆಗೆಟ್ಟು ಕಟ್ಟಿಕೊಂಡದ್ದನ್ನು ಯಾರು ಬೇಕಾದರೂ ಬಂದು ಒಂದು ಒತ್ತಿಗೆ ಕೆಡವಬಹುದು. ಇವನಿಗೆ ಅದು ಅನುಕೂಲ!

"ಆ ಹುಡುಗಿ ನಿಮ್ಮನ್ನ ಬಿಟ್ಟುಹೋದ್ಲು. ಸಿಟ್ಟು ಬಂದಿತ್ತು ಅಲ್ವಾ?"

"ಬಂದಿತ್ತು. ಇಲ್ಲ ಅನ್ನಲ್ಲ." ಈಗ ಅವನ ಮುಖವೂ ಕೆಂಪಾಯಿತು. "ನಾವು ಬರೆದುಕೊಟ್ಟ ಪ್ರಬಂಧಾನ ನನ್ನ ಮುಖಕ್ಕೆ ಎಸೆದು ಹೋದ್ಲು. 'ಇದರಲ್ಲಿ ನಾನೆಲ್ಲಿದ್ದೀನಿ' ಅಂದ್ಲು. ಇಷ್ಟು ಮಕ್ಕಳನ್ನ ಕಳಿಸಿರೋ ನನಗೆ!"

"ಅದಕ್ಕೇ ಸೀಟು ಬೇಡ ಅಂತ ಒತ್ತಿಬಿಟ್ರಿ."

"ಹೇ! ನಾಲಿಗೆ ಬಿಗಿ ಹಿಡಿದು ಮಾತಾಡಿ!" ಅವನು ಎದ್ದು ನಿಂತ. "ಭಾನುವಾರ ಬೆಳಗಿನಿಂದ ಸಂಜೆವರೆಗೆ ಶಿಕ್ಷಣ ಮೇಳದಲ್ಲಿ ವೇದಿಕೆ ಮೇಲಿದ್ದೆ. ನನ್ನ ಸ್ಟಾಫೆಲ್ಲ ಅಲ್ಲೇ. ಆ ಮೇಳದವರನ್ನೇ ಕೇಳಿ. ಇಲ್ಲಿ ನೋಡಿ, ಈ ಗೋಡೆ ನೋಡಿ!"

ನೋಡಿದೆ. ಮೂಲೆಯಲ್ಲಿ ಅವಳ ಫೋಟೋ. ಯಾವುದೋ ಗುಂಪಿನ ಚಿತ್ರದಿಂದ ಕತ್ತರಿಸಿ, ಅವಳ ಖಾಲಿ ಕೈಗೆ ಕಂಪ್ಯೂಟರಿನಲ್ಲಿ ವಿಮಾನ ಅಂಟಿಸಿದ್ದರು. ಬಿಟ್ಟುಹೋದ ಹುಡುಗಿಯ ಗೆಲುವನ್ನೂ ತನ್ನದೆಂದು ಗೋಡೆಗೆ ಏರಿಸಿದ್ದ ಭೂಪ.

"ಅವಳು ಹೋಗೋದ್ರಿಂದ ನನಗೆ ಲಾಭ ಮೇಡಂ, ಉಳಿಯೋದ್ರಿಂದ ಏನು ಸಿಗುತ್ತೆ?"

ಮಾತು ನಾಚಿಕೆಗೆಟ್ಟದ್ದು. ಆದರೆ ಸುಳ್ಳಾಗಿರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಮೇಳದವರಿಗೆ ಅವನೆದುರೇ ಫೋನ್ ಮಾಡಿದೆ. ಅವನು ಹೇಳಿದ್ದು ಅಕ್ಷರ ಅಕ್ಷರವೂ ನಿಜ. ಸಂಜೆಯವರೆಗೂ ಮೈಕು ಬಿಟ್ಟುಕೊಡಲಿಲ್ಲವಂತೆ ಮಹಾರಾಯ.

ಫೋಲ್ಡರು ಎತ್ತಿಕೊಂಡು ಬಾಗಿಲ ತನಕ ಹೋಗಿದ್ದೆ. ಅವನು ಹಿಂದಿನಿಂದ ಹೇಳಿದ:

"ಅವಳು ಸ್ವಂತ ಬರೆದ ಪ್ರಬಂಧ ಓದಿದೀರಾ ಮೇಡಂ?"

"ಏನಿದೆ ಅದರಲ್ಲಿ?"

"ಎಲ್ಲಾ ಅವರಪ್ಪನ ಬಗ್ಗೆ. ಕೇಳಿಸದಿದ್ರೂ ಕೇಳಿಸಿದ ಹಾಗೆ ನಗ್ತಾ ತಲೆ ಆಡಿಸೋದು. ಪ್ರೆಸ್‌ನಲ್ಲಿ ಜೊತೆಗಾರ ಒಬ್ಬ 'ಮಿಷಿನ್ ನಿಂತಿದೆಯಾ, ಕೈ ಹಾಕ್ಲಾ' ಅಂತ ಕೇಳಿದ್ನಂತೆ. ಇವರು ಹಂಗೇ ನಗ್ತಾ ತಲೆ ಆಡಿಸಿದ್ರಂತೆ. ಮಿಷಿನ್ ನಿಂತಿರಲಿಲ್ಲ." ಹೋದ ಬೆರಳುಗಳ ಲೆಕ್ಕಕ್ಕೆ ಅವನು ತನ್ನ ಬೆರಳುಗಳನ್ನು ಮಡಿಸಿ ತೋರಿಸಿದ. "ಮನೇಲಿ ಆ ವಿಷಯ ಯಾರೂ ಎತ್ತೋ ಹಾಗಿಲ್ಲ, ನಾನು ಈ ಓದಿಗೆ ಬಂದಿದ್ದೇ ಅದಕ್ಕೆ ಅಂತ ಬರೆದಿದ್ಲು. ಚೆನ್ನಾಗಿ ಬರೆದಿದ್ಲು, ಸುಳ್ಳು ಯಾಕೆ ಹೇಳ್ಲಿ. 'ಅಪ್ಪನಿಗೆ ತೋರಿಸಿದ್ಯಾ' ಅಂತ ಕೇಳ್ದೆ. ಇಲ್ಲ ಅಂದ್ಲು."

"ಎಲ್ಲಿದೆ ಆ ಪ್ರಬಂಧ?"

"ಒಂದು ಪ್ರತಿ ನಿಮ್ಮ ಕೈಲಿರೋ ಫೋಲ್ಡರಿನಲ್ಲೇ ಇರಬೇಕು. ನಮ್ಮವರು ಎಲ್ಲಾನೂ ಅದರಲ್ಲೇ ಹಾಕಿಕೊಡ್ತಾರೆ."

ಫೋಲ್ಡರು ಬಿಚ್ಚಿದೆ. ಅರ್ಜಿ ಇತ್ತು, ಅಂಕಪಟ್ಟಿ ಇತ್ತು. ಪ್ರಬಂಧ ಇರಲಿಲ್ಲ.

"ಎಲ್ಲೋ ಬಿದ್ದುಹೋಗಿರಬೇಕು," ಎಂದ ಅವನು.

ನಾನೂ ಹಾಗೇ ಅಂದುಕೊಂಡೆ. ಸಿಟ್ಟಿನಲ್ಲಿದ್ದಾಗ ನನ್ನ ತಲೆ ಓಡುವುದಿಲ್ಲ. ಬರೀ ಬಾಯಿ ಓಡುತ್ತದೆ.

* * *

ಮಗಳ ಕ್ಲಿನಿಕ್ಕಿಗೆ ಬಂದಾಗ ಗೋಡೆ ಗಡಿಯಾರ ನಾಲ್ಕು ದಾಟಿತ್ತು. ಹೊರಗಿನ ಬೆಂಚುಗಳಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದರು. ಕಿವಿ ಕೇಳಿಸದವರ ಕಾಯುವ ಕೋಣೆಗಿಂತ ಗದ್ದಲದ ಜಾಗ ಇನ್ನೊಂದಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಯಜಮಾನರು ಮಗಳ ಕುರ್ಚಿಯ ಮೇಲೆ ಕೂತಿದ್ದರು. ತಮ್ಮ ಕಿವಿಯ ಮಿಷಿನ್ ಕುಯ್ಯೋ ಎನ್ನುತ್ತಿದೆ ಎಂದು ತೋರಿಸಲು ಮಧ್ಯಾಹ್ನವೇ ಬಂದವರಂತೆ. ಅವಳು ಎರಡೂ ಕಿವಿಯ ಮಿಷಿನ್ ಬಿಚ್ಚಿ, ತೇವ ಆರಲು ಪುಟ್ಟ ಡಬ್ಬಿಯೊಳಗೆ ಇಟ್ಟಿದ್ದಳು.

"ಸಿಕ್ಕನಾ?" ಎಂದು ಗುಡುಗಿದರು ನನ್ನನ್ನು ಕಂಡು.

ಮೇಜು ತಟ್ಟಿದೆ. "ಅವನಲ್ಲ."

"ಅವನೇ! ನೀವು ಸರಿಯಾಗಿ ವಿಚಾರಿಸಿಲ್ಲ. ಇನ್ನೊಂದ್ಸಲ ಹೋಗಿ!"

ಎಲಾ! ನನ್ನ ಕೆಲಸವನ್ನು ನನಗೇ ಹೇಳಿಕೊಡುವುದೆಂದರೆ! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮಗಳು ನನ್ನ ತೋಳು ಹಿಡಿದೆಳೆದಳು.

"ಆ ಫೋನ್ ಮಾತಿನ ರೆಕಾರ್ಡಿಂಗ್ ಈಗ ಕಳಿಸಿದ್ದಾರೆ ಮೇಡಂ. ನಾನಿನ್ನೂ ಕೇಳಿಲ್ಲ. ಒಬ್ಬಳೇ ಕೇಳೋಕೆ ಆಗ್ಲಿಲ್ಲ."

ಕೋಣೆಯ ಮಧ್ಯೆ ಸದ್ದು ಹೊಗದ ಗೂಡೊಂದಿತ್ತು. ರೋಗಿಯನ್ನು ಅದರೊಳಗೆ ಕೂರಿಸಿ, ಹೊರಗಿನಿಂದ ಕಿಟಕಿಯಲ್ಲಿ ನೋಡುತ್ತ ಕಿವಿ ಪರೀಕ್ಷೆ ಮಾಡುತ್ತಾರೆ. ಇಬ್ಬರೂ ಒಳಗೆ ಹೋದೆವು. ದಪ್ಪ ಬಾಗಿಲು ಮುಚ್ಚಿದ ಕೂಡಲೇ ಲೋಕದ ಗದ್ದಲವೆಲ್ಲ ನಿಂತಿತು. ನನ್ನ ಉಸಿರು ನನಗೇ ಜೋರಾಗಿ ಕೇಳಿಸಿತು.

"ಅಪ್ಪನನ್ನ ಹೊರಗೆ ಕಳಿಸಬೇಕಿತ್ತಾ?" ಎಂದೆ.

"ಮಿಷಿನ್ನೇ ಬಿಚ್ಚಿಟ್ಟಿದ್ದೀನಲ್ಲ. ಏನೂ ಕೇಳಿಸಲ್ಲ ಅವರಿಗೆ."

ಗಾಜಿನಾಚೆ ಯಜಮಾನರು ಪತ್ರಿಕೆ ಬಿಡಿಸಿಕೊಂಡು ಕೂತಿದ್ದರು. ಅವಳು ಲ್ಯಾಪ್‌ಟಾಪ್ ತೆರೆದಳು. ಪೊಲೀಸರ ದೂರಿನ ಪುಟ ಮೊದಲೇ ತುಂಬಿ ಇಟ್ಟಿದ್ದಳು. ಒಂದೇ ಒಂದು ಜಾಗ ಖಾಲಿ: ಆರೋಪಿಯ ಹೆಸರು.

ರೆಕಾರ್ಡಿಂಗ್ ಹಾಕಿದಳು.

ದೂರದೇಶದ ಗಂಡಸೊಬ್ಬನ ಸೌಜನ್ಯದ ಇಂಗ್ಲಿಷು. ನೀವು ಅರ್ಜಿದಾರರೇ ತಾನೆ?

ಟಕ್ ಟಕ್. ಆಮೇಲೆ ಹೆಣ್ಣುಧ್ವನಿ. ಪಿಸುಮಾತಿನ ಹಾಗೆ, ಬಾಯಿಗೆ ಬಟ್ಟೆ ಹಿಡಿದ ಹಾಗೆ. ಹೌದು, ನಾನೇ.

ಹುಟ್ಟಿದ ದಿನ ಹೇಳುವಿರಾ?

ಟಕ್ ಟಕ್. ಸರಿಯಾಗಿ ಹೇಳಿತು ಧ್ವನಿ.

ಸೀಟು ಬಿಟ್ಟುಕೊಡಲು ಕಾರಣವೇನು?

ಟಕ್ ಟಕ್. ಮನೆಯ ಕಾರಣ. ದಯವಿಟ್ಟು ಮತ್ತೆ ಕೇಳಬೇಡಿ.

"ಇನ್ನೊಂದ್ಸಲ ಹಾಕು."

ಅವಳು ಹಾಕಲಿಲ್ಲ. ಹಾಕುವ ಅಗತ್ಯವೇ ಇರಲಿಲ್ಲ. ಚಿಕ್ಕಂದಿನಿಂದ ಆ ಸದ್ದಿನಲ್ಲೇ ಬೆಳೆದವಳು ಅವಳು. ಮುಖ ಸುಣ್ಣವಾಗಿತ್ತು.

"ಹೊರಗಿನವರಲ್ಲ," ಎಂದೆ. "ಬಾಯಿ ತೆರೆಯೋ ಮೊದಲು ಮೇಜು ತಟ್ಟೋರು ನಿಮ್ಮ ಮನೆಯವರು. ನಿಮ್ಮ ಅಮ್ಮನಿಗೆ ಇಷ್ಟು ಇಂಗ್ಲಿಷ್ ಬರುತ್ತಾ?"

"ಇಲ್ಲ."

"ಹಾಗಾದ್ರೆ ಉಳಿದವಳು ಒಬ್ಬಳೇ."

"ಅತ್ತಿಗೆ…" ಅವಳ ಧ್ವನಿ ಏರಿತು. "ಅತ್ತಿಗೆ! ನನ್ನ ಅರ್ಜಿ ಹೋದ ದಿನ ನನ್ನನ್ನ ತಬ್ಬಿಕೊಂಡು ಅತ್ತವಳು. ಮಧ್ಯಾಹ್ನದ ಶಿಫ್ಟಂತೆ! ಬೆಳಿಗ್ಗೆ ಮನೇಲೇ ಇದ್ಲು, ಹಾಗಾದ್ರೆ. ಯಾಕೆ ಮೇಡಂ? ನಾನೇನು ಮಾಡಿದ್ದೆ ಅವಳಿಗೆ?"

"ಅವಳ ಹೆಸರು ಬರಿ," ಎಂದೆ. ನನಗೂ ಕೆಂಡದಂಥ ಕೋಪ. ಬೆಳಿಗ್ಗೆ ಆ ಮಹಾತಾಯಿ 'ಏನಾದ್ರೂ ಮಾಡಿ' ಎಂದದ್ದು ಕಿವಿಯಲ್ಲೇ ಇತ್ತು. "ಯಾಕೆ ಅಂತ ಆಮೇಲೆ ಕೇಳೋಣ. ಮೊದಲು ಸೀಟು ಉಳೀಲಿ."

ಅವಳು ಬರೆಯಲು ಶುರುಮಾಡಿದಳು. ಎರಡು ಅಕ್ಷರ ಬಿದ್ದಿರಬಹುದು. ಬೆರಳು ನಿಂತಿತು.

"ಮೇಡಂ, ಅತ್ತಿಗೆ ಇಡೀ ದಿನ ಆಸ್ಪತ್ರೆ ಫೋನಿನಲ್ಲಿ ಮಾತಾಡ್ತಾಳೆ. ಅಲ್ಲಿ ಅವಳು ಯಾವತ್ತೂ ಮೇಜು ತಟ್ಟಿದ್ದು ನಾನು ನೋಡಿಲ್ಲ."

"ಅಂದ್ರೆ?"

"ನಮಗೆ ಅದು ಚಟ ಅಲ್ಲ. ಸುಮ್ಮಸುಮ್ಮನೆ ಯಾರೂ ತಟ್ಟಲ್ಲ. ನಮ್ಮ ತುಟಿ ನೋಡಲಿ ಅಂತ ತಟ್ಟೋದು." ಅವಳ ಧ್ವನಿ ಇಳಿಯುತ್ತ ಹೋಯಿತು. "ಎದುರಿಗೆ ಅಪ್ಪ ಕೂತಿದ್ರೆ ಮಾತ್ರ…"

ಟಕ್ ಟಕ್.

ಇದು ರೆಕಾರ್ಡಿಂಗ್ ಅಲ್ಲ. ಸದ್ದು ಗಾಜಿನಿಂದ ಬಂತು, ಪಕ್ಕದ ಮನೆಯಿಂದ ಬಂದಷ್ಟು ಮಂದವಾಗಿ.

ಯಜಮಾನರು ಎದ್ದು ಕಿಟಕಿಗೆ ಹತ್ತಿರ ನಿಂತಿದ್ದರು. ಪತ್ರಿಕೆ ನೆಲದ ಮೇಲೆ ಬಿದ್ದಿತ್ತು. ಕಣ್ಣು ನಮ್ಮ ತುಟಿಗಳ ಮೇಲಿತ್ತು.

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಲೋಕದ ಯಾವ ಕಿವಿಗೂ ಬೀಳದಂಥ ಗೂಡಿನೊಳಗೆ ಕೂತು, ಕಿವಿಯೇ ಬೇಕಿಲ್ಲದ ಒಬ್ಬ ಮನುಷ್ಯನ ಮುಂದೆ ಎಲ್ಲವನ್ನೂ ಒದರಿದ್ದೆವು. ಬೆಳಿಗ್ಗೆ ಹಿತ್ತಿಲ ಕಿಟಕಿಯಲ್ಲಿ ಕಣ್ಣಾರೆ ಕಂಡೂ!

ಅಷ್ಟೇ ಅಲ್ಲ. ನನ್ನನ್ನು ಗೊತ್ತುಮಾಡಿದವರು ಇವರು. ನನ್ನ ಮುಂದೆ ಅತ್ತವರು ಇವರು. 'ಅವನೇ, ಅವನೇ' ಎಂದು ವಿಮಾನ ಸರ್ ಕಡೆಗೆ ನನ್ನನ್ನು ಅಟ್ಟಿದವರು, ಇನ್ನೊಂದು ಸಲ ಹೋಗು ಎಂದವರು. ಐದು ಗಂಟೆಯವರೆಗೆ ನನ್ನನ್ನು ಊರೆಲ್ಲ ಸುತ್ತಿಸಿದರೆ ಸಾಕಿತ್ತು, ಕೆಲಸ ತಾನಾಗಿಯೇ ಮುಗಿಯುತ್ತಿತ್ತು. ನನ್ನನ್ನು ಕತ್ತೆ ಮಾಡಿದ್ದರು. ಇಷ್ಟು ವರ್ಷದ ಕಸುಬಿನಲ್ಲಿ ನನಗೆ ಇಂಥ ಅವಮಾನ ಆಗಿರಲಿಲ್ಲ.

ಬಾಗಿಲು ತೆರೆಯಲು ಎದ್ದೆ. ಅವಳು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಳು.

"ಬೇಡ. ತೆಗೀಬೇಡಿ. ಅಲ್ಲಿಂದಲೇ ಹೇಳ್ಲಿ."

ಯಜಮಾನರ ಬಾಯಿ ಆಡಿತು. ನನಗೆ ಏನೂ ಕೇಳಿಸಲಿಲ್ಲ, ಏನೂ ಅರ್ಥವಾಗಲಿಲ್ಲ. ಆ ಗೂಡಿನಲ್ಲಿ ಈಗ ಕಿವುಡಿ ನಾನು.

"ಏನಂತಾರೆ?"

"'ಅತ್ತಿಗೆ ಹೆಸರು ಅಳಿಸು' ಅಂತ." ಅವಳು ಕಣ್ಣು ಮಿಟುಕಿಸದೆ ಅಪ್ಪನ ತುಟಿ ನೋಡುತ್ತಿದ್ದಳು. "'ಅವಳು ಬೇಡ ಅಂದ್ಲು, ನಾನು ಬಿಡಲಿಲ್ಲ. ನಾನು ಹೇಳಿಸಿದ್ದನ್ನ ಹೇಳಿದ್ಲು.'"

ಯಜಮಾನರು ಜೇಬಿಗೆ ಕೈಹಾಕಿ ಮಡಿಸಿದ ಹಾಳೆಯೊಂದನ್ನು ತೆಗೆದರು. ಬಿಡಿಸಿ ಗಾಜಿಗೆ ಒತ್ತಿಹಿಡಿದರು. ಫೋಲ್ಡರಿನಿಂದ ಕಾಣೆಯಾದ ಪ್ರಬಂಧ. ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ ಅದರ ಮಡಿಕೆಗಳು ಹರಿದುಹೋಗಿದ್ದವು.

ಅವರ ಕತ್ತಿನ ನರ ಉಬ್ಬಿತ್ತು. ಕೂಗುತ್ತಿದ್ದರು. ಹೊರಗಿನ ಬೆಂಚಿನ ಜನ ಬಾಗಿಲಲ್ಲಿ ಇಣುಕುತ್ತಿದ್ದರು. ನಮ್ಮ ಗೂಡಿನಲ್ಲಿ ಮಾತ್ರ ಸೂಜಿ ಬಿದ್ದರೂ ಕೇಳಿಸುವಂಥ ಮೌನ.

ಮಗಳು ಒಂದೊಂದೇ ಮಾತು ಹೇಳಿದಳು.

"'ನೀನು ನನ್ನ ಕಿವುಡುತನ ಬರೆದು ಸೀಟು ತಗೊಂಡೆ. ನನ್ನನ್ನ ಒಂದು ಮಾತು ಕೇಳಲಿಲ್ಲ.'" ಅವಳು ಗಾಜಿಗೆ ಇನ್ನಷ್ಟು ಹತ್ತಿರ ಸರಿದಳು. "'ಈಗ ನನ್ನ ಹೆಸರು ಬರೆದು ಅದನ್ನ ಉಳಿಸ್ಕೋ.'"

ಆ ಮನುಷ್ಯನ ಮೇಲೆ ಸಿಟ್ಟಿತ್ತು, ಬೇಕಾದಷ್ಟಿತ್ತು. ಆದರೆ ವಿಮಾನ ಸರ್ ಕೇಳಿದ ಪ್ರಶ್ನೆಯೂ ತಲೆಯಲ್ಲಿ ಕೊರೆಯುತ್ತಿತ್ತು. ಅಪ್ಪನಿಗೆ ತೋರಿಸಿದ್ಯಾ?

ಮಗಳು ಲ್ಯಾಪ್‌ಟಾಪಿನಲ್ಲಿ ಬರೆದಿದ್ದ ಎರಡು ಅಕ್ಷರ ಅಳಿಸಿದಳು. ಗಡಿಯಾರ ಐದರ ಹತ್ತಿರಕ್ಕೆ ಸರಿದಿತ್ತು. ಅವಳು ಗಾಜನ್ನು ಎರಡು ಸಲ ತಟ್ಟಿದಳು.

ಯಜಮಾನರು ಕೂಗುವುದನ್ನು ನಿಲ್ಲಿಸಿ ಅವಳ ತುಟಿ ನೋಡಿದರು.

"ಅಪ್ಪ," ಎಂದಳು. ಅಳು, ಸಿಟ್ಟು ಎರಡೂ ಸೇರಿ ಬಾಯಿ ಸೊಟ್ಟಗಾಗುತ್ತಿತ್ತು. ಕನ್ನಡಿಯ ಮುಂದೆ ತಾನೇ ಕಲಿಸಿದ ಆ ಬಿಡಿಬಿಡಿ ಮಾತು ಈಗ ಅವಳಿಗೆ ಬರುತ್ತಿರಲಿಲ್ಲ. "ನಿಮ್ಮ ಹೆಸರು ಬರೆದ್ರೂ ಧ್ವನಿ ಅತ್ತಿಗೇದು. ಪೊಲೀಸರು ಅವಳನ್ನೂ ಕರ್ಕೊಂಡು ಹೋಗ್ತಾರೆ. ಗೊತ್ತಾಯ್ತಾ? ಬರೀಲಾ?"

ಯಜಮಾನರು ಅವಳನ್ನೇ ನೋಡಿದರು. ಹಾಳೆ ಹಿಡಿದ ಕೈ ಕೆಳಗಿಳಿಯಿತು.

ಆಮೇಲೆ ಅವರು ನಗುತ್ತ ತಲೆಯಾಡಿಸಿದರು.

ಬೆಳಿಗ್ಗೆ ನನ್ನ ಕಾಫಿ ಚೆಲ್ಲಿದ ಮೇಲೆ ಕಂಡ ಅದೇ ನಗು, ಅದೇ ತಲೆಯಾಟ.

"ಅರ್ಥ ಆಗಿಲ್ಲ ಅವರಿಗೆ," ಎಂದೆ. "ಇನ್ನೊಂದ್ಸಲ ಹೇಳು. ನಿಧಾನವಾಗಿ ಹೇಳು!"

"ನೋಡಿದ್ರಲ್ಲ ಮೇಡಂ," ಎಂದಳು ಅವಳು, ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಪ್ರಬಂಧದಲ್ಲಿ ನಾನು ಬರೆದಿದ್ದು ಇದನ್ನೇ."